ಹೆಂಡತಿಯ ಬರ್ತ್‌ಡೇ, ಗಂಡನ ಊಟ

ಮೊನ್ನೆ ದೀಪಾವಳಿಯಲ್ಲಿ ನನ್ನ ಮೊಮ್ಮಗ ತನ್ನ ಹೆಂಡತಿಯ ಬರ್ತ್‌ಡೇ ತಿಂದ.

ಅಚ್ಚಿನ ತಪ್ಪಲ್ಲ. 'ಬರ್ತ್‌ಡೇ ಮಾಡಿದ' ಎಂದು ನಮ್ಮ ಓಣಿಯೆಲ್ಲ ಹೇಳುತ್ತಿದೆ. ನಾನು ಅವನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತು ನೋಡಿದವಳು. ತಿಂದ ಎಂದೇ ಬರೆಯುತ್ತೇನೆ. (ನನ್ನ ಒತ್ತಕ್ಷರಗಳನ್ನು ಸಂಪಾದಕರು ತಿದ್ದಿಕೊಳ್ಳಲಿ, ಅದು ಅವರ ಕೆಲಸ. ಮಾತನ್ನೇ ತಿದ್ದಲು ಬಂದರೆ ಇನ್ನು ಮೇಲೆ ಅವರೇ ಬರೆದುಕೊಳ್ಳಲಿ.)

ಮೊಮ್ಮಗನ ಹೆಸರು ಮಲ್ಲೇಶಿ. ಬನಹಟ್ಟಿಯಲ್ಲಿ ನಮ್ಮದು ನೂಲಿನ ಅಂಗಡಿ, ಈಗ ಅವನೇ ನೋಡುತ್ತಾನೆ. ಸಾಂಗಲಿಗೆ ಕಾಲೇಜು ಕಲಿಯಲು ಹೋಗಿ, ಕಾಲೇಜನ್ನು ಅರ್ಧಕ್ಕೆ ಬಿಟ್ಟು, ಕೋಟು ಮಾತ್ರ ಪೂರ್ತಿ ಹೊಲಿಸಿಕೊಂಡು ಬಂದವನು. ದಸರೆಯ ಮುಂದೆ ನೂಲು ಖರೀದಿಗೆ ಮುಂಬಯಿಗೆ ಹೋಗಿದ್ದ. ನೂಲಿನ ಗಂಟಿನ ಜೊತೆಗೆ ಈ ಬರ್ತ್‌ಡೇಯನ್ನೂ ಕಟ್ಟಿಕೊಂಡು ಬಂದ.

ಅಲ್ಲಿ ಯಾರೋ ಶೇಠ್ ತನ್ನ ಹೆಂಡತಿಯ ಬರ್ತ್‌ಡೇ ಎಂದು ಇವನನ್ನೂ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದನಂತೆ. ಟೇಬಲ್ಲಿನ ಮೇಲೆ ಬಿಳಿ ಬಟ್ಟೆ. ಗಂಡ ಹೆಂಡತಿ ಅಕ್ಕಪಕ್ಕ. ಕೇಕಿನ ಮೇಲೆ ಮೇಣದಬತ್ತಿ ಹಚ್ಚಿದರಂತೆ, ಶೇಠಾಣಿ ಉಫ್ ಎಂದು ಊದಿ ಆರಿಸಿದಳಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

"ದೀಪಾ ಆರಿಸಿದ್ದಕ್ಕ ಚಪ್ಪಾಳಿ?" ನನ್ನ ಸೊಸೆ ನೀಲವ್ವ, ಅಂದರೆ ಮಲ್ಲೇಶಿಯ ತಾಯಿ, ಅಕ್ಕಿ ಕೇರುತ್ತಿದ್ದ ಮರವನ್ನು ಕೆಳಗಿಟ್ಟಳು. "ಅದೂ ದೀಪಾವಳ್ಯಾಗ? ನಮ್ಮ ಮನ್ಯಾಗ ಅದು ನಡ್ಯಾಂಗಿಲ್ಲ ನೋಡಪಾ."

"ಕೇಕ್ ಬ್ಯಾಡ ಬಿಡಬೇ ಯವ್ವ. ಊಟ ಅಷ್ಟ ಮಾಡಸ್ತೇನಿ. ಜಮಖಂಡ್ಯಾಗ ಹೊಸಾ ಹೋಟೆಲ್ ಆಗೇತಿ. ಫ್ಯಾಮಿಲಿ ರೂಮ್ ಐತಿ ಅಲ್ಲಿ, ಫ್ಯಾಮಿಲಿ ರೂಮ್!"

ನಮ್ಮ ಬನಹಟ್ಟಿಯನ್ನೂ ಆಳುವ ಮುಂಬಯಿ ಸರಕಾರ ದಾರೂ ಬಂದ್ ಮಾಡಿದೆ. ಬೇಷ್. ಮುಂಬಯಿಯಿಂದ ಬರುವ ಫ್ಯಾಶನ್ ಬಂದ್ ಮಾಡುವ ಕಾಯ್ದೆ ಯಾವಾಗ ಬರುತ್ತದೆ? ದಾರೂ ಕುಡಿದವನು ಒದರಾಡಿ ಬೆಳಗಿನ ಹೊತ್ತಿಗೆ ಸುಮ್ಮನಾಗುತ್ತಾನೆ. ಫ್ಯಾಶನ್ ಕುಡಿದವನನ್ನು ಸುಮ್ಮನಾಗಿಸುವುದು ಹೇಗೆ?

ಇನ್ನು ಬರ್ತ್‌ಡೇ ಯಾರದು ಎಂದು ಹೇಳುತ್ತೇನೆ. ಮೊಮ್ಮಗನ ಹೆಂಡತಿ ಗಿರಿಜಾ. ಮುಧೋಳದ ಕಡೆಯ ಹುಡುಗಿ. ದೀಪಾವಳಿ ಪಾಡ್ಯದ ದಿನ ಹುಟ್ಟಿದವಳು, ಅದಕ್ಕೇ ಅವಳ ದಿನ ನೆನಪಿದೆ. ಇಲ್ಲವಾದರೆ ಹೆಣ್ಣು ಹುಟ್ಟಿದ ದಿನವನ್ನು ಯಾರು ನೆನಪಿಟ್ಟಿದ್ದಾರೆ? ನಾನು ಹುಟ್ಟಿದ್ದು ನಮ್ಮ ತವರಿನ ಗೌರಿ ಎಂಬ ಎಮ್ಮೆ ಈದ ವರ್ಷ. ಎಮ್ಮೆಯ ಹೆಸರು ಮನೆಯವರಿಗೆಲ್ಲ ನೆನಪಿತ್ತು. ನನ್ನ ದಿನ ಯಾರಿಗೂ ನೆನಪಿರಲಿಲ್ಲ. ಎಮ್ಮೆ ಹಾಲು ಕೊಡುತ್ತಿತ್ತಲ್ಲ!

"ಬರ್ತ್‌ಡೇಕ್ಕ ಏನ್ ಬೇಕ ಕೇಳ" ಎಂದು ಮಲ್ಲೇಶಿ ಹೆಂಡತಿಗೆ ಹೇಳಿದ್ದನಂತೆ. ಅವಳು ಅವನಿಗೆ ಏನೂ ಹೇಳಲಿಲ್ಲ. ನನಗೆ ಹೇಳಿದಳು. ನರಕಚತುರ್ದಶಿಯ ದಿನ ಒಲೆಯ ಮುಂದೆ ಕೂತು ಪೂರಿ ಕರಿಯುತ್ತಿದ್ದಳು. ಒಂದೊಂದು ಪೂರಿಯೂ ಎಣ್ಣೆಯಲ್ಲಿ ಉಬ್ಬಿ ಮೇಲೆ ಬರುತ್ತಿತ್ತು, ಬಂದದ್ದು ಬಂದಹಾಗೆ ಪಡಸಾಲೆಯ ಗಂಡಸರ ಪಂಕ್ತಿಗೆ ಹೋಗುತ್ತಿತ್ತು.

"ಆಯಿ, ಒಂದ ಆಶಾ ಐತಿ. ನಗಬಾರದು ನೋಡ್ರಿ."

"ನಗಾಕ ಹಲ್ಲರ ಎಲ್ಲಿ ಅದಾವ ನನಗ? ಹೇಳ."

"ಎಣ್ಣ್ಯಾಗಿಂದ ತಗದ ಪೂರಿ ಉಬ್ಬಿದ್ದ ಇದ್ದಾಗನ ತಿನಬೇಕು ಅನಸ್ತೇತಿ. ಲಗ್ನಾದಾಗಿಂದ ಕರಿಯಾಕತ್ತೇನಿ. ಉಬ್ಬಿದ್ದ ಪೂರಿ ಬಾಯಾಗ ಹೆಂಗ ಇರತೈತಿ, ಮರತ ಹೋಗೇತ್ರಿ."

ಇಷ್ಟೇ. ಬಂಗಾರ ಕೇಳಲಿಲ್ಲ, ಇಳಕಲ್ಲ ಸೀರೆ ಕೇಳಲಿಲ್ಲ. ಒಂದು ಬಿಸಿ ಪೂರಿ. ನಮ್ಮ ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಅಂಗಡಿಯ ಆಳುಗಳು, ಆಮೇಲೆ ಮಕ್ಕಳು, ಆಮೇಲೆ ಅತ್ತೆಯಂದಿರು, ಎಲ್ಲ ಮುಗಿದ ಮೇಲೆ ಗಂಡ ಉಂಡ ಗಂಗಾಳವನ್ನು ಮುಂದಿಟ್ಟುಕೊಂಡು ಸೊಸೆ. ಅಷ್ಟು ಹೊತ್ತಿಗೆ ಪೂರಿ ಪೂರಿಯಾಗಿ ಉಳಿದಿರುವುದಿಲ್ಲ. ಚಪ್ಪಲಿಗೆ ಹೊಲಿಯಬಹುದು. ದೀಪಾವಳಿ ಎಂದರೆ ಮಗ್ಗಕ್ಕೆ ರಜೆ, ಶಾಲೆಗೆ ರಜೆ, ಕಚೇರಿಗೆ ರಜೆ. ಒಲೆಗೆ ರಜೆ ಕೊಟ್ಟ ಮನೆ ಯಾವುದಾದರೂ ಇದ್ದರೆ ನನಗೆ ಬರೆದು ತಿಳಿಸಿ.

ನಾನು ಮಲ್ಲೇಶಿಯನ್ನು ಕರೆದು ಹೇಳಿದೆ.

"ಲೇ, ನಿನ್ನ ಹೇಣ್ತಿಗಿ ಒಂದ ಬಿಸಿ ಪೂರಿ ತಿನಬೇಕಂತ. ತಿನಸು, ಆತು ನಿನ್ನ ಬರ್ತ್‌ಡೇ."

"ಅಷ್ಟ ಏನು? ಶ್ರೀಖಂಡ ಪೂರಿ ಊಟಾನ ಮಾಡಸ್ತೇನಿ ಆಯಿ! ಹೋಟೆಲ್ಲಿಗಿ ಕರಕೊಂಡ ಹೋಗ್ತೇನಿ!"

ನೋಡಿದಿರಾ? ಒಲೆ ಮನೆಯಲ್ಲೇ ಇತ್ತು. ಎಣ್ಣೆ ಕಾಯುತ್ತಲೇ ಇತ್ತು. ಇವನು ಒಂದು ಹೊತ್ತು ಪಂಕ್ತಿಯಿಂದ ಹಿಂದೆ ಸರಿದು ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಗಂಡಸು ಮೋಟಾರು ಹತ್ತಿ ಬೇರೆ ಊರಿಗೆ ಹೋದಾನು, ಕೂತ ಮಣೆ ಬಿಟ್ಟು ಎದ್ದಾನೆಯೇ?

ಗಂಡ ಹೆಂಡತಿ ಇಬ್ಬರೇ ಹೋಗುವುದನ್ನು ನೀಲವ್ವ ಒಪ್ಪಲಿಲ್ಲ. ಮಂದಿ ಏನೆಂದಾರು? ಹೀಗಾಗಿ ಬರ್ತ್‌ಡೇಗೆ ಕಾವಲು ನಾನು. ಅಂದು ಸೋಮವಾರ, ನನ್ನದು ಒಪ್ಪತ್ತು. ಸಂಜೆಯವರೆಗೆ ಉಣ್ಣುವ ಮಾತಿಲ್ಲ. ಉಣ್ಣದವಳನ್ನು ಊಟಕ್ಕೆ ಕರೆದುಕೊಂಡು ಹೋದರು.

ಪಾಡ್ಯದ ಬೆಳಗು ಬರ್ತ್‌ಡೇ ಹುಡುಗಿ ಏನು ಮಾಡಿದಳು? ಎಲ್ಲರಿಗಿಂತ ಮೊದಲು ಎದ್ದು, ಸಗಣಿಯಲ್ಲಿ ಪಾಂಡವರ ಗೊಂಬೆ ಮಾಡಿ ಪೂಜೆಗೆ ಹೊಸ್ತಿಲಲ್ಲಿಟ್ಟು, ಗಂಡನ ಬೆನ್ನಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಅವನಿಗೇ ಆರತಿ ಮಾಡಿದಳು. ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟಳು. ತಾನು ಒಂದು ತುತ್ತೂ ಬಾಯಿಗೆ ಹಾಕಲಿಲ್ಲ. ಹೋಟೆಲಿನ ಪೂರಿಗೆ ಹೊಟ್ಟೆ ಖಾಲಿ ಇರಲಿ ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು.

ಮೋಟಾರಿನಲ್ಲಿ ಮಲ್ಲೇಶಿ ಮುಂದೆ ಗಂಡಸರ ಜೊತೆಗೆ ಕೂತ. ನಾವಿಬ್ಬರು ಹಿಂದೆ. ಪರಿಚಯದವನೊಬ್ಬ ನಮ್ಮ ಮೂವರನ್ನೂ ನೋಡಿ ಗಾಬರಿಯಾದ.

"ಯಾಕ ಮಲ್ಲೇಶೀ, ಹಬ್ಬದ ದಿನ ಆಯಿನ್ನ ಕರಕೊಂಡ ಹೊಂಟೀ? ದವಾಖಾನಿಗೇನು?"

"ಇಲ್ರಿ ಕಾಕಾ, ಮಿಸೆಸ್ ಬರ್ತ್‌ಡೇ. ಹೋಟೆಲ್ಲಿಗಿ."

"ಮಿಸೆಸ್ ಅಂದ್ರ?"

"ಹೇಣ್ತಿ."

"ಹೇಣ್ತಿಗಿ ಏನಾಗೇತಿ?"

"ಹುಟ್ಟಿದ ದಿನಾ ಐತಿ!"

"ಅಷ್ಟ ಏನು? ನಾ ಆರಾಮಿಲ್ಲ ಅಂತ ತಿಳದಿದ್ದೆ" ಎಂದು ಆ ಮನುಷ್ಯ ಸಮಾಧಾನದಿಂದ ತಂಬಾಕು ತಿಕ್ಕಿದ. ಜಮಖಂಡಿ ಬರುವತನಕ ಮಲ್ಲೇಶಿ ಸುತ್ತಲಿನವರಿಗೆ ಮುಂಬಯಿಯ ಕತೆ ಹೇಳಿದ. ಹಿಂದೆ ಕೂತ ಹೆಂಡತಿಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಬರ್ತ್‌ಡೇ ಯಾರದೆಂದು ಗೊತ್ತಾಗಬೇಕಾದರೆ ಕೇಳಿಯೇ ತಿಳಿಯಬೇಕಿತ್ತು.

ಫ್ಯಾಮಿಲಿ ರೂಮ್ ಎಂದರೆ ಏನೆಂದುಕೊಂಡಿದ್ದೀರಿ? ಮೂರು ಕಡೆ ಹಲಗೆ, ನಾಲ್ಕನೆಯ ಕಡೆ ಒಂದು ಪರದೆ. ನಮ್ಮ ಕರು ಕಟ್ಟುವ ಜಾಗ ಇದಕ್ಕಿಂತ ದೊಡ್ಡದಿದೆ, ಗಾಳಿಯೂ ಬರುತ್ತದೆ. ಪರದೆಗೆ ಊರ ಮಂದಿಯೆಲ್ಲ ಕೈ ಒರೆಸಿ ಹೋಗಿದ್ದರು. ಒಳಗೆ ಒಂದು ಟೇಬಲ್, ಮೂರು ಕುರ್ಚಿ. ಒಂದರಲ್ಲಿ ನಾನು, ಒಂದರಲ್ಲಿ ಮಲ್ಲೇಶಿ. ಮೂರನೆಯದರಲ್ಲಿ ಮಲ್ಲೇಶಿಯ ಟೊಪ್ಪಿಗೆ.

ಗಿರಿಜಾ ಗಂಡನ ಕುರ್ಚಿಯ ಹಿಂದೆ ಸೆರಗು ಹೊದ್ದು ನಿಂತಳು.

ಹಿರಿಯಳ ಮುಂದೆ, ಗಂಡನ ಎದುರಿಗೆ, ಸಮಸಮ ಕುರ್ಚಿಯಲ್ಲಿ ಹೇಗೆ ಕೂಡುವುದು? ಅವಳಿಗೆ ಯಾರೂ ಕಲಿಸಿಲ್ಲ. ಮುಂಬಯಿಗೆ ಹೋಗಿಬಂದದ್ದು ಅವನು, ಅವಳಲ್ಲ.

"ಎರಡ ಊಟ. ಪೂರಿ ಬಿಸೇವು ಬೇಕು" ಎಂದು ಮಲ್ಲೇಶಿ ದೊಡ್ಡ ದನಿಯಲ್ಲಿ ಹೇಳಿದ. ಒಳ್ಳೆಯ ಮಾತೇ. ಎರಡು ತಾಟು ಬಂದವು. ಶ್ರೀಖಂಡ, ಬಟಾಟಿ ಪಲ್ಯ, ಕೋಸಂಬರಿ, ಮಸಾಲೆ ಅನ್ನ. ಪೂರಿಗಳು ಉಬ್ಬಿ ನಿಂತಿದ್ದವು, ಬೆರಳು ತಾಗಿಸಿದರೆ ಉಸ್ಸೆಂದು ಹಬೆ ಬಿಡುವಂಥವು. ಗಿರಿಜಾಳ ಕಣ್ಣು ಅಲ್ಲೇ ಇತ್ತು. ನನ್ನ ಕಣ್ಣು ಗಿರಿಜಾಳ ಮೇಲಿತ್ತು. ಮಲ್ಲೇಶಿಯ ಕಣ್ಣು ಎಲ್ಲಿತ್ತೆಂದು ಕೇಳಬೇಡಿ. ಶ್ರೀಖಂಡದಲ್ಲಿತ್ತು.

ನೀಡುವವನು ಉಡುಪಿ ಕಡೆಯವನು, ನಡುವಯಸ್ಸಿನ ಗಂಭೀರ ಮನುಷ್ಯ. "ಕೂತ್ಕೊಳ್ಳಿ ಅಮ್ಮಾ, ನಾನು ಬಡಿಸ್ತೇನೆ" ಎಂದ. ಪರಗಂಡಸು ಒಳಗೆ ಬಂದು ನೀಡುವುದೇ? ಗಿರಿಜಾ ತಲೆ ಅಲ್ಲಾಡಿಸಿ, ಪರದೆಯ ಸಂದಿಯಲ್ಲಿ ಕೈ ಚಾಚಿ, ಪೂರಿಯ ಬುಟ್ಟಿಯನ್ನು ತಾನೇ ಇಸಿದುಕೊಂಡಳು. ಗಂಡನಿಗೆ ನೀಡಲು ಸುರು ಮಾಡಿದಳು.

ಅಂದರೆ ಏನಾಯಿತು? ಮನೆಯ ಅಡುಗೆಮನೆ ಮೋಟಾರು ಹತ್ತಿ ಜಮಖಂಡಿಗೆ ಬಂದಂತಾಯಿತು.

"ಲೇ ಮಲ್ಲೇಶಿ, ಟೊಪ್ಪಿಗಿ ತಗಿ. ಆಕಿನ್ನ ಕೂಡ್ರಸ್ಕೊ."

"ಕೂಡ್ರಬೇ, ಯಾಕ ನಿಂತಿ?" ಎಂದ ಬಾಯಿ ತುಂಬಿಕೊಂಡು. ಅಂದವನು ತಾಟನ್ನು ಮುಂದಕ್ಕೆ ತಳ್ಳಿದ, ಇನ್ನೊಂದು ಪೂರಿಗೆ. ಬಾಯಿ 'ಕೂಡು' ಎನ್ನುತ್ತದೆ, ತಾಟು 'ನೀಡು' ಎನ್ನುತ್ತದೆ. ಹೆಣ್ಣುಮಗಳು ಯಾವುದನ್ನು ಕೇಳಬೇಕು?

"ನೀವ ಉಣ್ಣ್ರಿ. ನಂದು ಆಮ್ಯಾಲೆ."

ಅವನು ಉಂಡ. ಮುಂಬಯಿಯ ಶೇಠಾಣಿ ಹೇಗೆ ಚಮಚದಲ್ಲಿ ಉಂಡಳು ಎಂದು ಹೇಳುತ್ತ ಉಂಡ. ಶೇಠ್ ಹೇಗೆ ಹೆಂಡತಿಗೆ ಮೊದಲು ನೀಡಿಸಿದ ಎಂದು ಹೇಳುತ್ತ ಉಂಡ. ಬುಟ್ಟಿ ಖಾಲಿಯಾಯಿತು. ಗಿರಿಜಾ ಎರಡನೆಯ ತಾಟಿನಿಂದ, ತನ್ನ ತಾಟಿನಿಂದ, ಒಂದು ಪೂರಿ ತೆಗೆದು ಅವನಿಗೆ ಹಾಕಿದಳು. ಅವನು ನೋಡಲಿಲ್ಲ. ಇನ್ನೊಂದು ಹಾಕಿದಳು. ಶ್ರೀಖಂಡ ಮುಗಿದಾಗ ತನ್ನ ಬಟ್ಟಲನ್ನು ಅವನ ಮುಂದಕ್ಕೆ ಸರಿಸಿದಳು. ಎರಡನೆಯ ತಾಟು ಬರಿದಾಯಿತು. ಅವನು ಆಗಲೂ ನೋಡಲಿಲ್ಲ.

"ಸಾಕ ಮಾಡಲೇ, ಆಕಿಗಿ ಏನೂ ಉಳಿದಿಲ್ಲ" ಎಂದೆ. ಹೊರಗೆ ಹಬ್ಬದ ಗದ್ದಲ. ಅವನಿಗೆ ಅರ್ಧ ಮಾತೇ ಕೇಳಿಸಿರಬೇಕು. "ಬೇಕಾದ್ರ ಇನ್ನ ತರಸ್ತೇನಿ ಆಯಿ" ಎಂದು ತೇಗಿ, ಕೈ ತೊಳೆಯಲು ಹೊರಗೆ ಹೋದ.

ಈಗ ಗಿರಿಜಾ ಕೂತಳು. ಅವನು ಎದ್ದ ಕುರ್ಚಿಯಲ್ಲೇ ತುದಿಗೆ ಕೂತಳು. ಅವನು ಉಂಡ ತಾಟನ್ನು ಎಳೆದುಕೊಂಡಳು, ಮನೆಯಲ್ಲಿ ಎಳೆದುಕೊಳ್ಳುವ ಹಾಗೆ. ಅದರಲ್ಲಿ ಒಂದು ಪೂರಿಯ ಅರ್ಧ ಉಳಿದಿತ್ತು. ಇನ್ನೂ ಸ್ವಲ್ಪ ಬೆಚ್ಚಗೆ ಇದ್ದಿರಬೇಕು, ಅವಳ ಮುಖ ಹಾಗಿತ್ತು.

ಆಗ ಉಡುಪಿಯವನು ಪರದೆ ಸರಿಸಿ ಬಂದು ತಾಟಿನ ಇನ್ನೊಂದು ಅಂಚು ಹಿಡಿದ.

"ಬಿಡಿ ಅಮ್ಮಾ, ಅದು ಎಂಜಲು ತಾಟು."

ಗಿರಿಜಾ ಬಿಡಲಿಲ್ಲ. ಅವನು ಎಳೆದ. ಅವಳೂ ಎಳೆದಳು. ಪರಗಂಡಸಿನ ಜೊತೆಗೆ ಮಾತಾಡುವಂತಿಲ್ಲ. 'ಇದು ನನ್ನ ಗಂಡ ಉಂಡ ತಾಟು, ನಾನು ಇದರಲ್ಲೇ ಉಣ್ಣಬೇಕು' ಎಂದು ಹೇಳುವುದು ಹೇಗೆ? ಆ ಮನುಷ್ಯನದೂ ತಪ್ಪಿಲ್ಲ. ಯಾರೋ ಉಂಡುಬಿಟ್ಟ ತಾಟಿಗೆ ಬರ್ತ್‌ಡೇ ಹುಡುಗಿ ಜಗ್ಗಾಡುತ್ತಾಳೆಂದು ಅವನಿಗೆ ಏನು ಗೊತ್ತು? ಕಡೆಗೆ ಅವಳ ಕೈಯೇ ಸಡಿಲಾಯಿತು. ಅರ್ಧ ಪೂರಿ ತಾಟಿನ ಜೊತೆ ಅಡುಗೆಮನೆಗೆ ಹೋಯಿತು. ಅವನು ತಿರುಗಿ ಬಂದು ಟೇಬಲ್ ಒರೆಸಿಬಿಟ್ಟ.

"ಏ ತಮ್ಮಾ, ಇನ್ನೊಂದ ಊಟಾ ತಾ. ಈಕಿ ಉಂಡಿಲ್ಲ" ಎಂದೆ ನಾನು.

"ಪೂರಿ ಮುಗಿದು ಹೋಯ್ತು ಅಜ್ಜಿ. ಹಬ್ಬ ಅಲ್ವಾ? ಹೊರಗೆ ಜನ ಕಾಯ್ತಾ ಇದ್ದಾರೆ."

ಮಲ್ಲೇಶಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದ. ಟೊಪ್ಪಿಗೆ ಎತ್ತಿಕೊಂಡ.

"ಹೆಂಗಿತ್ತು ಬರ್ತ್‌ಡೇ ಊಟ?"

"ಆಕಿ ಉಂಡಿಲ್ಲಲೇ, ಕ್ವಾಣ!"

ಅವನು ಹೆಂಡತಿಯ ಕಡೆ ತಿರುಗಿ ಹುಬ್ಬು ಗಂಟು ಹಾಕಿದ. "ಉಂಡಿಲ್ಲ? ಮತ್ತ ಬಾಯಿ ತಗದ ಹೇಳಾಕ ಏನಾಗಿತ್ತ ನಿನಗ?"

"ಉಂಡೇನ್ರಿ. ಛಲೋ ಇತ್ತು. ಆಯಿಗಿ ಕಾಣಿಸಿಲ್ಲ."

ಹೋಯಿತು! ನಾನು ಕುರುಡಿಯಾದೆ. ಇಷ್ಟು ವರ್ಷ ಕಣ್ಣು ಗಟ್ಟಿ ಇಟ್ಟುಕೊಂಡು ಬಂದವಳು ಒಂದೇ ಮಾತಿಗೆ ಕುರುಡಿಯಾದೆ. ಗಂಡನ ಹಬ್ಬ ಕೆಡಬಾರದು ಎಂದು ಹೆಂಡಂದಿರು ಹೇಳುವ ಸುಳ್ಳುಗಳನ್ನು ಗುಡ್ಡೆ ಹಾಕಿದರೆ ಕೃಷ್ಣಾ ಹೊಳೆಗೆ ಒಡ್ಡು ಕಟ್ಟಬಹುದು. ನನಗೆ ಅವಳ ಮೇಲೂ ಸಿಟ್ಟು ಬಂತು. ಮರುಕ ಗಿರುಕ ಏನಿಲ್ಲ, ಸಿಟ್ಟು. ಹಸಿದು ಸುಳ್ಳು ಹೇಳುವವಳಿಗೆ ಯಾರು ಏನು ನೀಡಿಯಾರು?

ಮನೆಗೆ ಬಂದಾಗ ಸಂಜೆ ದೀಪ ಇಡುವ ಹೊತ್ತು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕಾದಿದ್ದರು. ಮಲ್ಲೇಶಿ ಕೋಟು ಬಿಚ್ಚದೆ ನಿಂತು ಬರ್ತ್‌ಡೇ ವರದಿ ಕೊಟ್ಟ. ಹೋಟೆಲಿನ ಊಟವನ್ನು ಹೊಗಳಿದ. "ನಮ್ಮ ಗಿರಿಜಾಗ ಅಂತೂ ಭಾಳ ಖುಷಿ ಆತು" ಎಂದೂ ಸೇರಿಸಿದ. ಹೆಂಗಸರು ಗಿರಿಜಾಳನ್ನು ಸುತ್ತುಗಟ್ಟಿದರು. ಅವಳು ಹೇಳಿದಳು. ಶ್ರೀಖಂಡದಲ್ಲಿ ಕೇಸರಿ ಎಷ್ಟಿತ್ತು, ಪಲ್ಯದಲ್ಲಿ ಕೊತ್ತಂಬರಿ ಹೇಗೆ ಹಾಕಿದ್ದರು, ಎಲ್ಲ ಹೇಳಿದಳು. ನೀಡಿದವಳಿಗೆ ಗೊತ್ತಿರುವುದಿಲ್ಲವೇ? ಪೂರಿಯ ರುಚಿ ಹೇಗಿತ್ತು ಎಂದು ಒಬ್ಬಳು ಕೇಳಿದಾಗ ಮಾತ್ರ ಒಲೆ ನೋಡುವ ನೆವ ಹೇಳಿ ಒಳಗೆ ಹೋದಳು.

ಅಡುಗೆಮನೆಯಲ್ಲಿ ನೀಲವ್ವನ ಮಾತು ಕೇಳಿಸಿತು.

"ನೀ ಏನವಾ, ಹೊಟ್ಟಿ ಬಿರಿಯುವಂಗ ಉಂಡ ಬಂದಿ. ರಾತ್ರಿ ನಿನಗ ರೊಟ್ಟಿ ಬ್ಯಾಡಲ್ಲಾ? ಹಂಗ ಹಿಟ್ಟ ನಾದತೇನಿ."

"ಬ್ಯಾಡ್ರಿ ಅತ್ತಿ."

ಇಷ್ಟಕ್ಕೆ ನಾನು ಎದ್ದೆ. ಬೆಳಗಿನಿಂದ ಉಪವಾಸ ಇದ್ದವಳು ನಾನು, ಒಪ್ಪತ್ತು ನನ್ನದು. ದೇವರ ಹೆಸರಿನಲ್ಲಿ ಮಾಡುವವಳು ನಾನು. ಈ ಹುಡುಗಿಯದು ಯಾರ ಹೆಸರಿನ ಉಪವಾಸ?

"ಗಿರಿಜಾ, ಗಂಗಾಳ ತುಗೊಂಡ ಕೂಡು. ನೀಲವ್ವ, ರೊಟ್ಟಿ ಹಿಟ್ಟ ಬ್ಯಾಡ. ಗೋದಿ ಹಿಟ್ಟ ತಗಿ. ಬಾಂಡ್ಲಿ ಇಡತೇನಿ ನಾ."

"ಅತ್ತೀ, ಏನಿದು? ಹಬ್ಬದ ದಿನ ಗಂಡಸರು ಉಂಡಿಲ್ಲ ಇನ್ನ. ಅವರಕಿಂತ ಮೊದಲ ಹೆಣಮಕ್ಕಳು ಉಣ್ಣೂದಂದ್ರ..."

"ಆಕಿ ಮುಂಜಾನಿಂದ ಏನೂ ಉಂಡಿಲ್ಲ."

"ಆಕಿನ ಉಂಡೇನಿ ಅಂದ್ಳಲ್ಲ?"

"ಅಂದ್ಳು. ನೀನೂ ಇಷ್ಟ ವರ್ಷ ಹಂಗ ಅನಕೋತ ಬಂದೀಯಲ್ಲ?"

ನೀಲವ್ವ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಗೋದಿ ಹಿಟ್ಟಿನ ಡಬ್ಬಿ ಇಳಿಸಿ ನಾದಲು ಕೂತಳು. ಬಹಳ ಜೋರಾಗಿ ನಾದಿದಳು. ಯಾರ ಮೇಲಿನ ಸಿಟ್ಟೋ, ಹಿಟ್ಟಿಗೆ ಗೊತ್ತು.

ಮೊದಲ ಪೂರಿ ಎಣ್ಣೆಯಲ್ಲಿ ಉಬ್ಬಿತು. ತೂತಿನ ಝಾರಿಯಿಂದ ಎತ್ತಿ ನೇರ ಗಿರಿಜಾಳ ಗಂಗಾಳಕ್ಕೆ ಹಾಕಿದೆ. ಅವಳು ಕೈ ಚಾಚುವುದಕ್ಕೂ ವಾಸನೆ ಹಿಡಿದು ಮಲ್ಲೇಶಿ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಗಂಗಾಳ ಹಿಡಿದೇ ಬಂದಿದ್ದ.

"ಪೂರಿ ಮಾಡಾಕತ್ತೀರೇನು ಆಯಿ? ನನಗೂ ಎರಡ ಹಾಕ್ರಿ. ಖರೆ ಹೇಳಬೇಕಂದ್ರ ಹೋಟೆಲ್ದಾಗ ಎಣ್ಣಿ ಸುಮಾರ ಇತ್ತು."

(ಕಟ್ಟೆಯ ಮೇಲೆ ಹೊಗಳಿದ ಬಾಯಿ ಇನ್ನೂ ಆರಿರಲಿಲ್ಲ.)

ಗಿರಿಜಾ ಆಗಲೇ ಅರ್ಧ ಎದ್ದಿದ್ದಳು, ಅವನಿಗೆ ಮಣೆ ಹಾಕಲು. ಭುಜ ಹಿಡಿದು ಒತ್ತಿ ಕೂಡಿಸಿದೆ.

"ಇವು ಆಕಿವು" ಎಂದೆ.

"ಆಕಿ ಹೋಟೆಲ್ದಾಗ ಉಂಡಾಳಲ್ಲ? ಎರಡ ಊಟ ಹೇಳಿದ್ದೆ ನಾ."

"ಎರಡೂ ನೀನ ಉಂಡಿ."

ಅವನು ಹೆಂಡತಿಯ ಮುಖ ನೋಡಿದ. ನೀಲವ್ವನೂ ನೋಡಿದಳು. ನಾನೂ ನೋಡಿದೆ. ಇನ್ನೊಮ್ಮೆ 'ಉಂಡೇನ್ರಿ' ಎಂದಳೆಂದರೆ ಝಾರಿ ಬಿಸಾಡಿ ಮಲಗಿಬಿಡುತ್ತಿದ್ದೆ, ಖರೆ ಹೇಳುತ್ತೇನೆ. ಎಣ್ಣೆ ಚುರುಗುಟ್ಟುತ್ತಿತ್ತು. ಗಿರಿಜಾ ಗಂಗಾಳ ನೋಡುತ್ತ ಕೂತಳು. ಉಂಡೆ ಎನ್ನಲಿಲ್ಲ.

ಮಲ್ಲೇಶಿಯ ಮುಖ ಸಣ್ಣದಾಯಿತು. ಆದರೂ ಹೋಗಲಿಲ್ಲ. ಹಾಗೇ ನಿಂತ. ಗಂಡಸಿಗೆ ತಪ್ಪು ತಿಳಿದಾಗ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ, ದಾರಿಗೆ ಅಡ್ಡವೇ ನಿಲ್ಲುತ್ತಾನೆ.

"ತಿನ್ನ ಬೇ, ಆರತೈತಿ" ಎಂದೆ ಗಿರಿಜಾಗೆ.

"ಅವರು ನಿಂತ ನೋಡಾಕತ್ತಾರ ಆಯಿ. ಗಂಟಲಾಗ ಇಳ್ಯಾಂಗಿಲ್ಲ."

"ಮಲ್ಲೇಶಿ, ಗ್ವಾಡಿ ಕಡೆ ಮಾರಿ ಮಾಡು."

"ಆಂ?"

"ಗ್ವಾಡಿ ಕಡೆ. ಕಿವುಡ ಏನ್?"

ತಿರುಗಿದ. ಸಾಂಗಲಿಯ ಕೋಟು ಹಾಕಿಕೊಂಡು, ಬರಿ ಗಂಗಾಳ ಹಿಡಿದು, ನಮ್ಮ ಮಸಿ ಹಿಡಿದ ಗೋಡೆಗೆ ಮುಖ ಮಾಡಿ ನಿಂತ. ಗಿರಿಜಾ ಪೂರಿಗೆ ಬೆರಳು ಚುಚ್ಚಿದಳು. ಹಬೆ ಎದ್ದಿತು. ಬೆರಳು ಸುಟ್ಟುಕೊಂಡು, ಊದಿಕೊಂಡು, ತಿಂದಳು. ಜೊತೆಗೆ ಪಲ್ಯವೂ ಬೇಕಾಗಲಿಲ್ಲ. ನಾನು ಹಾಕುತ್ತ ಹೋದೆ, ನೀಲವ್ವ ಲಟ್ಟಿಸುತ್ತ ಹೋದಳು.

"ಆತೇನ್ ಬೇ?" ಎಂದ ಸ್ವಲ್ಪ ಹೊತ್ತಿಗೆ, ಗೋಡೆಯನ್ನೇ ಕೇಳಿದ ಹಾಗೆ.

ನಾನು ಉತ್ತರ ಕೊಡುವ ಮೊದಲೇ ಗಿರಿಜಾ ಬಾಯಿ ತುಂಬಿಕೊಂಡೇ ಹೇಳಿದಳು: "ಇನ್ನೂ ಇಲ್ರಿ."

ಇದನ್ನು ಓದುತ್ತಿರುವ ಗಂಡಸರೇ, ನಿಮ್ಮ ಅಡುಗೆಮನೆಗೂ ಗೋಡೆ ಇದೆಯಲ್ಲ?